ಮೂರು ವರ್ಷದೊಳಗಿನ ಮಕ್ಕಳ ಊಟ: ಪಂಚಾಯಿತಿಯ ಹಣವನ್ನು ಎಲ್ಲಿ ಹಾಕುವುದು ಸರಿ?

ಕೃಷ್ಣಾತೀರ (ಗ್ರಾಮ ಪಂಚಾಯಿತಿ ಸದಸ್ಯೆ, ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಮಕ್ಕಳ ಪೌಷ್ಟಿಕತೆಗೆಂದು ಪಂಚಾಯಿತಿಯ ಸ್ವಂತ ಆದಾಯದಿಂದ ಒಂದಿಷ್ಟು ಹಣ ತೆಗೆದಿಡಲು ನಮ್ಮ ಸದಸ್ಯರೆಲ್ಲ ಒಪ್ಪಿದ್ದಾರೆ. ಒಪ್ಪಿಗೆ ಅಲ್ಲಿಗೇ ನಿಂತಿದೆ. ಶಾಲೆಯ ಬಿಸಿಯೂಟಕ್ಕೆ ಹಣ್ಣು ಸೇರಿಸೋಣ ಎನ್ನುವವರು ಕೆಲವರು, ಅಂಗನವಾಡಿಗೆ ಬಣ್ಣ ಬಳಿಸಿ ಆಟಿಕೆ ಕೊಡಿಸೋಣ ಎನ್ನುವವರು ಕೆಲವರು, ಮನೆಮನೆಗೆ ಪ್ರೋಟೀನ್ ಪುಡಿಯ ಡಬ್ಬಿ ಹಂಚಿದರೆ ಕೆಲಸ ಮಾಡಿದ್ದು ಜನರ ಕಣ್ಣಿಗಾದರೂ ಕಾಣುತ್ತದೆ ಎನ್ನುವವರು ಇನ್ನು ಕೆಲವರು. ಹಣ ಸ್ವಲ್ಪವೇ ಇರುವುದರಿಂದ ಈ ಮೂರನ್ನೂ ಮಾಡಲಾಗದು.

ನಮ್ಮ ಜಿಲ್ಲೆಗೆ ಇದು ಹೊಸ ವಿಷಯವಲ್ಲ. 2011ರಲ್ಲಿ ರಾಯಚೂರಿನ ಅಪೌಷ್ಟಿಕ ಮಕ್ಕಳ ಸಾವಿನ ವರದಿಗಳು ರಾಜ್ಯವನ್ನೆಲ್ಲ ಬೆಚ್ಚಿಬೀಳಿಸಿದ್ದವು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯೂ ರಚನೆಯಾಯಿತು. ಅದಾದ ಮೇಲೆ 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ, 2021ರ ಡಿಸೆಂಬರಿನಿಂದ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಹೀಗೆ ಒಂದರ ಹಿಂದೊಂದು ಯೋಜನೆ ಬಂದಿವೆ. ಇಷ್ಟೆಲ್ಲ ಇದ್ದೂ, ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಹೋಗಿ ಕುಳಿತರೆ, ಒಂದೂವರೆ ವರ್ಷದ ಮಗುವಿನ ತೋಳಿಗೆ ಸುತ್ತಿದ, ಅಪೌಷ್ಟಿಕತೆ ಗುರುತಿಸುವ ಅಳತೆಪಟ್ಟಿ ಹಳದಿಯ ಮೇಲೆಯೋ ಕೆಂಪಿನ ಮೇಲೆಯೋ ನಿಲ್ಲುವುದನ್ನು ನೋಡಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಬೇಕೆಂದು ಕೋರುತ್ತೇನೆ.

ಅಂಕಿಸಂಖ್ಯೆ (ಧಾರವಾಡ)

ಮೊದಲು ಪರಿಸ್ಥಿತಿ ಎಲ್ಲಿದೆ ಎಂಬುದನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ಇದನ್ನೇ ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಎಂದರೆ, ಇಷ್ಟು ಯೋಜನೆಗಳ ನಡುವೆ ಇಳಿದದ್ದು ಒಂದು ಅಂಶಕ್ಕಿಂತಲೂ ಕಡಿಮೆ. ಅದೇ ಅವಧಿಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ. 26.1ರಿಂದ 19.5ಕ್ಕೆ ಇಳಿದಿರುವುದು ಒಳ್ಳೆಯ ಸುದ್ದಿ, ರಕ್ತಹೀನತೆ ಶೇ. 60.9ರಿಂದ 65.5ಕ್ಕೆ ಏರಿರುವುದು ಕೆಟ್ಟ ಸುದ್ದಿ. ಪಕ್ಕದ ತಮಿಳುನಾಡಿನಲ್ಲಿ ಕುಂಠಿತ ಬೆಳವಣಿಗೆ ಶೇ. 25, ಕೇರಳದಲ್ಲಿ ಶೇ. 23.4. ನಮ್ಮ ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈ ಗುಂಪಿಗೆ ಸೇರುತ್ತಾರೆ.

ಆದರೆ ಸದಸ್ಯೆಯವರ ಪ್ರಶ್ನೆಗೆ ಬೇಕಾದದ್ದು ಜಿಲ್ಲೆಯ ಸರಾಸರಿಗಿಂತ ವಯಸ್ಸಿನ ಲೆಕ್ಕ. ಹುಟ್ಟಿದಾಗಿನಿಂದ ಆರು ತಿಂಗಳವರೆಗೆ ಎದೆಹಾಲಿನಲ್ಲಿ ಹೇಗೋ ಸಾಗುವ ಬೆಳವಣಿಗೆಯ ರೇಖೆ ಆರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಕೆಳಕ್ಕೆ ಬಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ಅದೇ ಮಟ್ಟದಲ್ಲಿ ಮುಂದುವರಿಯುತ್ತದೆ. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ ಆಹಾರವನ್ನು ಸಾಕಷ್ಟು ಸಲ ಪಡೆಯುವವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ. ಸರ್ಕಾರ ಬೇಯಿಸಿ ಬಡಿಸುವ ಊಟವಾದರೋ ಮಗುವಿಗೆ ಮೂರು ತುಂಬಿದ ಮೇಲೆ ಆರಂಭವಾಗುತ್ತದೆ. ಅದಕ್ಕೂ ಮುಂಚೆ ಕೊಡುವುದು ಮನೆಗೆ ಒಯ್ಯುವ ಹಿಟ್ಟು. ನಷ್ಟವಾಗುವ ವಯಸ್ಸು ಒಂದು, ನಾವು ತಟ್ಟೆ ಇಡುವ ವಯಸ್ಸು ಇನ್ನೊಂದು. ನನ್ನ ಮಟ್ಟಿಗೆ ನಿಮ್ಮ ಪಂಚಾಯಿತಿಯ ಚರ್ಚೆ ಇಲ್ಲಿಂದಲೇ ಶುರುವಾಗಬೇಕು.

ಟೀಚರಮ್ಮ (ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ)

ಅಂಕಿಸಂಖ್ಯೆಯವರು ಹೇಳಿದ ಹಿಟ್ಟು ಮನೆ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಬರೆಯುತ್ತೇನೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ನಾವು ತಿಂಗಳ ಲೆಕ್ಕದಲ್ಲಿ ಪುಷ್ಟಿ ಪುಡಿ ಕೊಡುತ್ತೇವೆ. ಪೊಟ್ಟಣದ ಮೇಲೆ ಮಗುವಿನ ಚಿತ್ರವಿರುತ್ತದೆ, ಆದರೆ ಅದು ಹೋಗುವುದು ಏಳೆಂಟು ಜನರಿರುವ ಮನೆಗೆ. ಒಬ್ಬ ತಾಯಿ ಅದನ್ನು ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಾಳೆ, ಇನ್ನೊಬ್ಬಳು ಉಂಡೆ ಕಟ್ಟಿ ದೊಡ್ಡ ಮಕ್ಕಳ ಕೈಗೂ ಕೊಡುತ್ತಾಳೆ. ಅದರಲ್ಲಿ ತಪ್ಪು ಹುಡುಕುವ ಮನಸ್ಸು ನನಗಿಲ್ಲ, ಏಕೆಂದರೆ ಹಸಿದ ನಾಲ್ಕು ಮಕ್ಕಳ ಎದುರಿಗೆ ಒಂದೇ ಮಗುವಿನ ಪಾಲನ್ನು ಬೇರೆ ಎತ್ತಿಡುವುದು ಯಾವ ತಾಯಿಗೂ ಆಗುವ ಮಾತಲ್ಲ.

ಮತ್ತೊಂದು ಸಂಗತಿ. ಹತ್ತಿ ಬಿಡಿಸುವ ದಿನಗಳಲ್ಲಿ ತಾಯಂದಿರು ಬೆಳಿಗ್ಗೆ ಎಂಟಕ್ಕೆ ಹೊಲಕ್ಕೆ ಹೋದರೆ ಬರುವುದು ಸಂಜೆಯೇ. ಮಗು ಅಜ್ಜಿಯ ಹತ್ತಿರವೋ ಎಂಟು ವರ್ಷದ ಅಕ್ಕನ ಹತ್ತಿರವೋ ಇರುತ್ತದೆ. ಅತ್ತರೆ ಅಂಗಡಿಯಿಂದ ಐದು ರೂಪಾಯಿಯ ಕುರುಕಲು ಪೊಟ್ಟಣ ಬರುತ್ತದೆ, ಇಲ್ಲವೇ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಮಧ್ಯಾಹ್ನ ಮನೆ ಭೇಟಿಗೆ ಹೋದಾಗ ಪುಷ್ಟಿ ಪೊಟ್ಟಣ ನೆಲುವಿನ ಮೇಲೆ ಕಟ್ಟಿದಂತೆಯೇ ಇರುತ್ತದೆ, ಮಗುವಿನ ಬಾಯಿಯ ಸುತ್ತ ಕೇಸರಿ ಬಣ್ಣದ ಪುಡಿ ಮೆತ್ತಿರುತ್ತದೆ. ಆ ಮನೆಯಲ್ಲಿ ಹಿಟ್ಟಿಗೆ ಕೊರತೆ ಇರಲಿಲ್ಲ. ಅದನ್ನು ಬೇಯಿಸಿ, ಆರಿಸಿ, ಪಕ್ಕದಲ್ಲಿ ಕುಳಿತು ತಿನ್ನಿಸುವ ಕೈ ಇರಲಿಲ್ಲ.

ಸಾಮಾನು ಕೊಡುವಾಗ ಫಲಾನುಭವಿಯ ಮುಖ ಗುರುತಿಸುವ ವ್ಯವಸ್ಥೆ 2025ರಿಂದ ಕಡ್ಡಾಯವಾಗಿದೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಬಾಣಂತಿಯನ್ನು ಬಿಸಿಲಿಗೆ ನಿಲ್ಲಿಸಿ ಮೊಬೈಲ್ ಎತ್ತಿ ಹಿಡಿಯುವುದರಲ್ಲೇ ನಮ್ಮ ಹೊತ್ತು ಕಳೆಯುತ್ತದೆ. ಹಿಟ್ಟು ಯಾರ ಕೈಗೆ ಹೋಯಿತೆಂಬುದಕ್ಕೆ ಈಗ ಪುರಾವೆಯಿದೆ, ಯಾರ ಹೊಟ್ಟೆಗೆ ಹೋಯಿತೆಂದು ಕೇಳುವವರು ಇಲ್ಲ.

ಹಳೇ ಮೈಸೂರು

ಎಲ್ಲರೂ ಕ್ಷಮಿಸಬೇಕು, ನನ್ನದೊಂದು ಭಿನ್ನಾಭಿಪ್ರಾಯವಿದೆ. ನಾವು ಮೂಲತಃ ಗಿಡ್ಡ ಮೈಕಟ್ಟಿನ ಜನ. ಹೊರದೇಶದ ಮಕ್ಕಳ ಅಳತೆಗೋಲನ್ನು ತಂದು ನಮ್ಮ ಮಕ್ಕಳಿಗೆ ಹಿಡಿದರೆ ಮೂರರಲ್ಲೊಂದು ಮಗು ಕುಳ್ಳಾಗಿ ಕಾಣುವುದು ಸಹಜವೇ. ಸಮಸ್ಯೆ ಇಲ್ಲವೆಂದು ಹೇಳುತ್ತಿಲ್ಲ, ಆದರೆ ಈ ಅಂಕಿಗಳು ಅದನ್ನು ಹಿಗ್ಗಿಸಿ ತೋರಿಸುತ್ತಿಲ್ಲವೇ?

ಅಂಕಿಸಂಖ್ಯೆ (ಧಾರವಾಡ)

ಈ ವಾದವನ್ನು ಅರ್ಥಶಾಸ್ತ್ರಜ್ಞರೂ ಮಂಡಿಸಿದ್ದಾರೆ, ಆದ್ದರಿಂದ ವಿವರವಾಗಿ ಉತ್ತರಿಸುವುದು ಉಚಿತ. ಈಗ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡ. ಅದಕ್ಕಾಗಿ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಲಾಯಿತು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮದೇ ದೇಶದ ದಕ್ಷಿಣ ದೆಹಲಿ. ತಾಯಿ ಧೂಮಪಾನ ಮಾಡದ, ಎದೆಹಾಲು ಕುಡಿದು ಬೆಳೆಯುವ, ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳ ಮಕ್ಕಳನ್ನೇ ಆರಿಸಿಕೊಂಡಿದ್ದರು. ಹಾಗೆ ನೋಡಿದಾಗ ಐದು ವರ್ಷದವರೆಗೆ ದೆಹಲಿಯ ಮಗುವಿಗೂ ಓಸ್ಲೋದ ಮಗುವಿಗೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಾಯಿಯ ಗಿಡ್ಡ ಮೈಕಟ್ಟು ಮಗುವಿನ ಹುಟ್ಟುತೂಕವನ್ನು ತಗ್ಗಿಸುತ್ತದೆ ಎಂಬುದು ನಿಜವೇ. ಆದರೆ ಆ ತಾಯಿಯೂ ಒಂದು ಕಾಲಕ್ಕೆ ಹೊಟ್ಟೆಗಿಲ್ಲದ ಮಗುವಾಗಿದ್ದಳಲ್ಲವೇ? ಒಂದು ತಲೆಮಾರಿನಲ್ಲಿ ಅಂತರವೆಲ್ಲ ಮುಚ್ಚಿಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಅಷ್ಟಕ್ಕೂ ಕೇರಳದವರು ನಮಗಿಂತ ಬೇರೆ ತಳಿಯವರಲ್ಲ.

ಅಳತೆಯ ದೋಷ ಮಾತ್ರ ನಿಜವಾದ ತೊಂದರೆ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ ಅಳೆಯಬೇಕು; ಎರಡಕ್ಕೂ ಸರಾಸರಿ 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅಳುವ ಮಗುವಿನ ಮೊಣಕಾಲನ್ನು ಒಬ್ಬರು ಒತ್ತಿ ಹಿಡಿಯದಿದ್ದರೆ ತಪ್ಪು ಅದಕ್ಕೂ ಮಿಗಿಲಾಗುತ್ತದೆ. ಅಳೆಯುವ ಕೆಲಸಕ್ಕೆ ಎರಡು ಜೋಡಿ ಕೈ ಬೇಕು ಎಂಬುದನ್ನು ಪಂಚಾಯಿತಿ ಗಮನಿಸಬೇಕು.

ಮಕ್ಕಳವೈದ್ಯ (ಬಳ್ಳಾರಿ)

ಟೀಚರಮ್ಮನವರು ಬರೆದದ್ದನ್ನು ನಾನು ಹೊರರೋಗಿ ವಿಭಾಗದಲ್ಲಿ ದಿನವೂ ಮೇಜಿನ ಈಚೆಯಿಂದ ನೋಡುತ್ತೇನೆ. “ಏನು ತಿನ್ನಿಸುತ್ತೀರಮ್ಮ?” ಎಂದು ಕೇಳಿದರೆ “ಎಲ್ಲಾ ತಿಂತಾನ್ರಿ” ಎಂಬ ಉತ್ತರ ಬರುತ್ತದೆ. “ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಳಿ” ಎಂದರೆ ಆಗ ಹೊರಬೀಳುವುದು ಎರಡು ಚಮಚ ತಿಳಿಗಂಜಿ, ಅರ್ಧ ಬಿಸ್ಕತ್ತು, ಉಳಿದಂತೆ ಎದೆಹಾಲು.

ಎಂಟು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್. ಎದೆಹಾಲಿನ ಜೊತೆಗೆ ಮೇಲಿನ ಆಹಾರದಿಂದ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ 200, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300, ಎರಡನೆಯ ವರ್ಷದಲ್ಲಿ 550 ಕಿಲೋಕ್ಯಾಲರಿ ಸಿಗಬೇಕು. ಚಮಚದಿಂದ ಸುರಿದರೆ ನೀರಿನಂತೆ ಹರಿಯುವ ಗಂಜಿಯಲ್ಲಿ ಇಷ್ಟು ಶಕ್ತಿ ತುಂಬಲು ಸಾಧ್ಯವೇ ಇಲ್ಲ. ಮಗುವಿನ ಹೊಟ್ಟೆ ಉಬ್ಬಿರುತ್ತದೆ, ಹಸಿವು ತೀರಿದಂತೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ. ಚಮಚ ವಾಲಿಸಿದರೂ ತಟ್ಟನೆ ಜಾರದಷ್ಟು ಗಟ್ಟಿಯಾಗಿರಬೇಕು, ಅದರ ಮೇಲೊಂದು ಚಮಚ ಶೇಂಗಾ ಎಣ್ಣೆಯೋ ತುಪ್ಪವೋ ಬೀಳಬೇಕು.

ಬೆಂಗಳೂರಿನಿಂದ ಬರುವ ಸಲಹೆಗಳೆಲ್ಲ ರಾಗಿ ಸರಿಯಿಂದಲೇ ಆರಂಭವಾಗುತ್ತವೆ. ಅದು ಒಳ್ಳೆಯ ಆಹಾರವೇ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಬೇಗ ಅಂಟಾಗುವುದಿಲ್ಲವಾದ್ದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಈ ಬಗ್ಗೆ ಬಹಳ ಕೆಲಸ ನಡೆದಿದೆ. ಆದರೆ ನಮ್ಮ ಕಡೆ ಮನೆಯಲ್ಲಿರುವುದು ಜೋಳ. ಒಂದು ಎಚ್ಚರಿಕೆ: ರಾಗಿಯಂತೆಯೇ ಎಂದುಕೊಂಡು ಜೋಳವನ್ನು ಮೊಳಕೆ ಬರಿಸಿ ಮಗುವಿಗೆ ಕೊಡಬೇಡಿ, ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹುರಿದು ಬೀಸಿದ ಜೋಳದ ಹಿಟ್ಟು, ಅದರ ಅರ್ಧದಷ್ಟು ಹುರಿದ ಹೆಸರುಬೇಳೆಯ ಹಿಟ್ಟು, ನುಣ್ಣಗೆ ಪುಡಿ ಮಾಡಿದ ಶೇಂಗಾ ಸಾಕು. ಇಡೀ ಶೇಂಗಾ ಕಾಳನ್ನು ಮಾತ್ರ ಪುಟ್ಟ ಮಕ್ಕಳ ಕೈಗೆ ಕೊಡಲೇಬಾರದು. ಅದು ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಬರುವ ಪ್ರಕರಣಗಳನ್ನು ನಾವು ನೋಡುತ್ತಲೇ ಇರುತ್ತೇವೆ.

ಇನ್ನು ಭೇದಿಯ ವಿಷಯ. ಹಲ್ಲು ಬರುವಾಗ ಭೇದಿ ಆಗಿಯೇ ಆಗುತ್ತದೆಂದು ನಂಬಿ, ಊಟ ನಿಲ್ಲಿಸಿ, ಬರೀ ಸಾಬೂದಾನಿ ನೀರು ಕುಡಿಸುತ್ತಾರೆ. ಪ್ರತಿ ಸಲ ಹೀಗಾದಾಗಲೂ ಮಗು ಕಳೆದುಕೊಂಡ ತೂಕವನ್ನು ಮರಳಿ ಪಡೆಯುವ ಮುಂಚೆಯೇ ಮುಂದಿನ ಭೇದಿ ಬಂದಿರುತ್ತದೆ. ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆಯನ್ನು, ನಡುವೆ ಭೇದಿ ನಿಂತರೂ ಬಿಡದೆ, ಒಟ್ಟು 14 ದಿನ ಪೂರ್ತಿ ಕೊಡಬೇಕು, ಎದೆಹಾಲು ಮತ್ತು ಊಟ ನಿಲ್ಲಿಸಬಾರದು, ಗುಣವಾದ ಮೇಲೆ ಕೆಲವು ದಿನ ಒಂದು ಊಟ ಹೆಚ್ಚಿಗೆ ಕೊಡಬೇಕು. ಈ ಎರಡೂ ಔಷಧಿ ಆಶಾ ಕಾರ್ಯಕರ್ತೆಯರಲ್ಲಿ ಉಚಿತವಾಗಿ ಸಿಗುತ್ತವೆ.

ಬಯಲುಸೀಮೆ

ಡಾಕ್ಟರೇ, ಭೇದಿಗೆ ಮೂಲ ಕೊಳಕು ನೀರು ಮತ್ತು ಬಯಲು ಶೌಚವಲ್ಲವೇ? ಹಾಗಿದ್ದರೆ ಪಂಚಾಯಿತಿ ತನ್ನ ಹಣವನ್ನು ಶೌಚಾಲಯ, ಶುದ್ಧ ನೀರಿನ ಘಟಕಗಳಿಗೆ ಹಾಕುವುದೇ ಲೇಸಲ್ಲವೇ?

ಅಂಕಿಸಂಖ್ಯೆ (ಧಾರವಾಡ)

ನಾನೂ ಬಹಳ ಕಾಲ ಕೇಳುತ್ತಿದ್ದ ಪ್ರಶ್ನೆಯಿದು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶಗಳು 2018–19ರಲ್ಲಿ ಪ್ರಕಟವಾದವು. ಮನೆಗೊಂದು ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ನೀರಿಗೆ ಕ್ಲೋರಿನ್ ಕೊಟ್ಟ ಮನೆಗಳಲ್ಲಿ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರದ ಜೊತೆ ತಿನ್ನಿಸುವ ಬಗ್ಗೆ ಸಲಹೆ ಪಡೆದ ಮನೆಗಳಲ್ಲಿ ಸ್ವಲ್ಪ ಹೆಚ್ಚಿತು. ಬಾಂಗ್ಲಾದಲ್ಲಿ ಭೇದಿಯೇನೋ ಕಡಿಮೆಯಾಯಿತು. ಇದರಿಂದ ಶೌಚಾಲಯ ಬೇಡವೆಂಬ ಅರ್ಥ ಬರುವುದಿಲ್ಲ. ಒಂದೊಂದು ಮನೆಯನ್ನು ಮಾತ್ರ ಸ್ವಚ್ಛ ಮಾಡಿದರೆ ಸಾಲದು, ಇಡೀ ಊರಿನ ಚರಂಡಿ ಮತ್ತು ನಲ್ಲಿ ಸರಿಯಾಗಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಅದಕ್ಕೆ ಬೇರೆ ದೊಡ್ಡ ಅನುದಾನಗಳಿವೆ. ಈ ಸಣ್ಣ ಹಣವನ್ನು ಅದರಲ್ಲಿ ಕರಗಿಸಬಾರದು.

ಶಿಗ್ಗಾಂವಿಯವ

ಇಷ್ಟು ಹೊತ್ತು ಮೊಟ್ಟೆಯ ಮಾತೇ ಬರದಿರುವುದು ಆಶ್ಚರ್ಯ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಶಾಲೆಯಲ್ಲಿ ನಮ್ಮ ಮಗನಿಗೆ ಬಾಳೆಹಣ್ಣು ಕೊಡುತ್ತಾರೆ, ಅದರಲ್ಲಿ ನಮಗೆ ಯಾವ ತಕರಾರೂ ಇಲ್ಲ. ತಿನ್ನುವ ಮಕ್ಕಳಿಗೆ ಕೊಡಬಾರದೆಂದು ಕೆಲವರು ಮಾಡುವ ಗಲಾಟೆ ನನಗೆ ಅರ್ಥವಾಗುವುದಿಲ್ಲ. ಆದರೆ ಬಾಳೆಹಣ್ಣು ಮೊಟ್ಟೆಗೆ ಸಮವೇ ಎಂಬುದನ್ನು ವೈದ್ಯರು ತಿಳಿಸಬೇಕು.

ಮಕ್ಕಳವೈದ್ಯ (ಬಳ್ಳಾರಿ)

ಸಮವಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದ್ದರೆ ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಮೊಟ್ಟೆಯ ಬಿ12 ಜೀವಸತ್ವವಂತೂ ಬಾಳೆಹಣ್ಣಿನಲ್ಲಿ ಇಲ್ಲವೇ ಇಲ್ಲ. ನಿಮ್ಮ ಮಗನಿಗೆ ಮನೆಯಲ್ಲಿ ಹಾಲು, ಮೊಸರು, ಬೇಳೆ, ಶೇಂಗಾ ಚೆನ್ನಾಗಿ ಸಿಗುತ್ತಿದ್ದರೆ ಚಿಂತೆಯಿಲ್ಲ.

ಸದಸ್ಯೆಯವರಿಗೆ ಹೇಳಬೇಕಾದದ್ದು ಬೇರೆ ಇದೆ. ಶಾಲೆಯ ಮೊಟ್ಟೆಗೆ 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವು ಸೇರಿ ವಾರಕ್ಕೆ ಆರು ದಿನ ಕೊಡುವ ಏರ್ಪಾಡಾಯಿತು. ಅಲ್ಲಿಗೆ ಪಂಚಾಯಿತಿಯ ಹಣ ಅನಗತ್ಯ. ಅದೇ ಮೊಟ್ಟೆ ಎಂಟು ತಿಂಗಳ ಮಗುವಿಗೆ ಸಿಗುತ್ತಿಲ್ಲ. ಈಕ್ವೆಡಾರ್ ದೇಶದಲ್ಲಿ ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಬೆಳವಣಿಗೆ ಗಣನೀಯವಾಗಿ ಸುಧಾರಿಸಿತು. ಮೀನು ಮೊದಲಾದವು ಊಟದಲ್ಲಿ ಆಗಲೇ ಇದ್ದ ಮಲಾವಿಯಲ್ಲಿ ಅದೇ ಪ್ರಯೋಗದಿಂದ ಎತ್ತರದಲ್ಲಿ ವ್ಯತ್ಯಾಸವಾಗಲಿಲ್ಲ. ನಮ್ಮ ಹಳ್ಳಿಯ ಮಕ್ಕಳ ತಟ್ಟೆ ಈಕ್ವೆಡಾರಿಗೆ ಹತ್ತಿರವೋ ಮಲಾವಿಗೆ ಹತ್ತಿರವೋ ಎಂದು ಯೋಚಿಸಿದರೆ, ಕೊಟ್ಟು ನೋಡುವುದೇ ಸರಿ ಎನಿಸುತ್ತದೆ. ಚೆನ್ನಾಗಿ ಬೇಯಿಸಿ, ಕಿವುಚಿ, ಗಂಜಿಗೆ ಬೆರೆಸಿ ತಿನ್ನಿಸಬಹುದು.

ಹೊರನಾಡು (ಸಿಂಗಪುರ)

ಇಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಊರಿನ ಮಕ್ಕಳಿಗೆ ನೆರವಾಗಬೇಕೆಂದು ಹಣ ಕೂಡಿಸಿದ್ದೇವೆ. ಒಳ್ಳೆಯ ಗುಣಮಟ್ಟದ ಶಿಶು ಹಾಲಿನ ಪುಡಿಯ ಡಬ್ಬಿಗಳನ್ನು ಮತ್ತು ಬಾಟಲಿಗಳನ್ನು ಕಳುಹಿಸಬೇಕೆಂಬ ಆಲೋಚನೆಯಿದೆ. ಕೃಷ್ಣಾತೀರ ಅವರ ಪಂಚಾಯಿತಿಗೇ ಕೊಡಲು ಸಿದ್ಧರಿದ್ದೇವೆ. ಯಾರ ಮೂಲಕ ಕಳುಹಿಸಬೇಕೆಂದು ತಿಳಿಸಿ.

ಮಕ್ಕಳವೈದ್ಯ (ಬಳ್ಳಾರಿ)

ನಿಮ್ಮ ಕಾಳಜಿಗೆ ಧನ್ಯವಾದಗಳು, ಆದರೆ ದಯವಿಟ್ಟು ಅವೆರಡನ್ನೂ ಕಳುಹಿಸಬೇಡಿ. ಶಿಶು ಹಾಲಿನ ಬದಲಿ ಉತ್ಪನ್ನಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತು 1992ರ ಕಾಯ್ದೆಯೊಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ಇಂಥವನ್ನು ಉಚಿತವಾಗಿ ಹಂಚಿ ಪ್ರಚಾರ ಮಾಡುವುದು ಅದರ ಪ್ರಕಾರ ನಿಷಿದ್ಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ಡಬ್ಬಿ ಬಂದ ಮನೆಯಲ್ಲಿ ಎದೆಹಾಲು ಕಡಿಮೆಯಾಗುತ್ತದೆ, ನಿಮ್ಮ ಡಬ್ಬಿ ಮುಗಿದ ಮೇಲೆ ಅದನ್ನು ಕೊಳ್ಳುವ ಶಕ್ತಿ ಆ ಮನೆಗಿರುವುದಿಲ್ಲ, ತೆಳ್ಳಗೆ ಕದಡಿ ಕುಡಿಸುತ್ತಾರೆ, ಬಾಟಲಿಯನ್ನು ಕುದಿಸಿ ತೊಳೆಯಲು ಒಲೆಯೂ ನೀರೂ ಸಮಯವೂ ಸಾಲುವುದಿಲ್ಲ. ಭೇದಿಯಿಂದ ದಾಖಲಾಗುವ ಆರು ತಿಂಗಳೊಳಗಿನ ಮಗುವಿನ ತಾಯಿಗೆ ನಾವು ಮೊದಲು ಕೇಳುವ ಪ್ರಶ್ನೆಯೇ “ಬಾಟಲಿ ಹಾಕುತ್ತೀರಾ?” ಎಂಬುದು.

ನಿಮ್ಮ ಹಣಕ್ಕೆ ಬೇರೆ ದಾರಿಯಿದೆ. ಅದನ್ನು ಮುಂದೆ ಬರೆಯುವವರು ತಿಳಿಸಲಿ.

ಗುಳೆ (ಕೂಲಿಕಾರರ ಸಂಘಟನೆ, ಕಲಬುರಗಿ)

ಇಲ್ಲಿಯವರೆಗಿನ ಮಾತೆಲ್ಲ ಮಗು ಊರಿನಲ್ಲಿದೆ ಎಂದುಕೊಂಡು ನಡೆದಿದೆ. ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಮಹಾರಾಷ್ಟ್ರದ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾಕ್ಕೆ ಹೋಗುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಬಹುದು. ಹಾಲು ಕುಡಿಯುವ ಮಗು ತಾಯಿಯ ಜೊತೆಗೇ ಹೋಗಬೇಕು. ಆ ತಿಂಗಳುಗಳಲ್ಲಿ ಅದಕ್ಕೆ ತೂಕವೂ ಇಲ್ಲ, ಹಿಟ್ಟೂ ಇಲ್ಲ, ಎಷ್ಟೋ ಸಲ ಲಸಿಕೆಯೂ ತಪ್ಪುತ್ತದೆ. ಊರಿನ ದಾಖಲೆಯಲ್ಲಿ ‘ಗೈರು’ ಎಂದು ಬರೆದು ಮುಗಿಸುತ್ತಾರೆ. ಹೋದ ಊರಿನ ಅಂಗನವಾಡಿಗೆ ಹೆಸರು ವರ್ಗಾಯಿಸಿಕೊಳ್ಳುವ ಅವಕಾಶ ಅಂಗನವಾಡಿಗಳ ದಾಖಲೆಯ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿದೆ, ಆದರೆ ಕಬ್ಬಿನ ಗದ್ದೆಯ ಅಂಚಿನ ಗುಡಿಸಲಿಗೆ ಯಾವ ಅಂಗನವಾಡಿ ಹತ್ತಿರವೆಂದು ಆ ತಾಯಿಗೆ ಹೇಳುವವರಾರು?

ಊರಲ್ಲೇ ಉಳಿಯುವ ಕೂಲಿ ತಾಯಂದಿರ ವಿಷಯಕ್ಕೆ ಬಂದರೆ, ಉತ್ತರ ಈಗಾಗಲೇ ಕಾಗದದ ಮೇಲಿದೆ. ನರೇಗಾ ಕೂಲಿಕಾರರ ಮಕ್ಕಳಿಗಾಗಿ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಲಾಯಿತು. ಮಗುವನ್ನು ಬಿಟ್ಟು ಹೋಗಲು ಜಾಗ, ನೋಡಿಕೊಳ್ಳುವವರು, ಹೊತ್ತು ಹೊತ್ತಿಗೆ ಊಟ ಎಲ್ಲವೂ ಅಲ್ಲಿರಬೇಕು. ನಾನು ನೋಡಿದ ಕೆಲವು ಕಡೆ ಅದು ನಿಜವಾಗಿ ನಡೆಯುತ್ತಿದೆ. ಕೆಲವು ಕಡೆ ಉದ್ಘಾಟನೆಯ ತೋರಣ ಒಣಗಿ ಬಾಗಿಲಿನಲ್ಲೇ ತೂಗುತ್ತಿದೆ, ಒಳಗೆ ಚಾಪೆ ಸುತ್ತಿಟ್ಟಿದೆ. ಆರೈಕೆದಾರರಿಗೆ ತಿಂಗಳುಗಟ್ಟಲೆ ಹಣ ಬರದಿದ್ದರೆ ಅವರು ಬರುವುದಾದರೂ ಹೇಗೆ? ಪ್ರೋಟೀನ್ ಡಬ್ಬಿಯ ಬದಲು ಇದನ್ನು ನಡೆಸಲು ಹಣ ಹಾಕಿ ಎಂಬುದು ನನ್ನ ಸಲಹೆ.

ತೀರ್ಥಹಳ್ಳಿ ಅಮ್ಮ

ನಮ್ಮ ಮಲೆನಾಡಿನ ಅನುಭವವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಮಾತೃಪೂರ್ಣದಲ್ಲಿ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಎಲ್ಲ ಇತ್ತು, ಆದರೆ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಹಳ್ಳ, ಜಿಗಣೆ ಇರುವ ಕಡೆ ಎಂಟು ತಿಂಗಳ ಗರ್ಭಿಣಿ ಮಳೆಯಲ್ಲಿ ದಿನವೂ ನಡೆದು ಹೋಗಿ ಊಟ ಮಾಡಿ ಬರುವುದು ಆಗದ ಮಾತು. ಬಯಲುಸೀಮೆಯಲ್ಲಿ ಊರ ನಡುವೆಯೇ ಅಂಗನವಾಡಿ ಇರುತ್ತದೆ, ಅಲ್ಲಿ ಇದು ನಡೆದೀತು. ಬಾಣಂತಿಯನ್ನು ಹೊರಗೆ ಕಳಿಸಲು ಹಿರಿಯರು ಒಪ್ಪದಿರುವುದು, ಪಥ್ಯದ ಹೆಸರಿನಲ್ಲಿ ಸೊಪ್ಪು ತರಕಾರಿ, ಕಡೆಗೆ ನೀರನ್ನೂ ಕಡಿಮೆ ಕೊಡುವುದು ಮಾತ್ರ ಎರಡೂ ಕಡೆ ಒಂದೇ.

ನಿವೃತ್ತ (ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ)

ಸೇವೆಯಲ್ಲಿದ್ದಾಗ ಬರೆಯಲಾಗದ ಕೆಲವು ಮಾತುಗಳನ್ನು ಈಗ ಬರೆಯಬಹುದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭವಾದಾಗ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಟಿ. ನರಸೀಪುರ. ಅಂದಿನಿಂದ ಇಂದಿನವರೆಗೆ ಈ ವ್ಯವಸ್ಥೆಗೆ ಕಾಡುವ ರೋಗ ಹಣ ತಡವಾಗಿ ಬರುವುದು. 2017ರಲ್ಲಿ ಪರಿಷ್ಕರಿಸಿದ ದರದಂತೆ ಪೂರಕ ಪೌಷ್ಟಿಕ ಆಹಾರಕ್ಕೆ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ 12 ರೂಪಾಯಿ. ಬೇಳೆ, ಎಣ್ಣೆಯ ಬೆಲೆ ಏರಿದರೂ ದರ ಹಲವು ವರ್ಷ ಅಲ್ಲಿಯೇ ನಿಂತಿತ್ತು. ಮೊಟ್ಟೆಯನ್ನು ಆಯಾ ಅಂಗನವಾಡಿಯ ಸ್ಥಳೀಯ ಸಮಿತಿಯಾದ ಬಾಲವಿಕಾಸ ಸಮಿತಿ ಕೊಳ್ಳಬೇಕು, ಆದರೆ ಖಾತೆಗೆ ಹಣ ಬಂದಿರುವುದಿಲ್ಲ. ಕಾರ್ಯಕರ್ತೆ ಕೈಯಿಂದ ಹಾಕುತ್ತಾಳೆ ಇಲ್ಲವೇ ಅಂಗಡಿಯಲ್ಲಿ ಸಾಲ ಬರೆಸುತ್ತಾಳೆ. ಮಾರುಕಟ್ಟೆಯಲ್ಲಿ ಮೊಟ್ಟೆಗೆ ಏಳು ರೂಪಾಯಿಯಾಗಿ ಇಲಾಖೆಯ ದರ ಅದಕ್ಕಿಂತ ಕಡಿಮೆಯಿದ್ದರೆ ಆ ವ್ಯತ್ಯಾಸವೂ ಅವಳದೇ. ಗೌರವಧನದ ಮೇಲೆ ಬದುಕುವವಳು ಸರ್ಕಾರಕ್ಕೆ ಸಾಲ ಕೊಡುವ ಪದ್ಧತಿ ಇದು.

ಎರಡನೆಯದು ವರದಿಯ ಒತ್ತಡ. ತೀವ್ರ ಅಪೌಷ್ಟಿಕ ಮಕ್ಕಳ ಸಂಖ್ಯೆ ಹೆಚ್ಚು ತೋರಿಸಿದ ಮೇಲ್ವಿಚಾರಕಿಗೆ ಸಭೆಯಲ್ಲಿ ನಿಲ್ಲಿಸಿ ವಿವರಣೆ ಕೇಳಿದರೆ, ಮುಂದಿನ ತಿಂಗಳು ಆ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಮಕ್ಕಳ ತೂಕ ಏರಿರುವುದಿಲ್ಲ. ಪಂಚಾಯಿತಿಯವರು ಕಾರ್ಯಕರ್ತೆಗೆ “ಎಷ್ಟು ಮಕ್ಕಳನ್ನು ಹುಡುಕಿದಿರಿ?” ಎಂದು ಕೇಳಿ ಮೆಚ್ಚುವಂತಾದರೆ ಅರ್ಧ ಕೆಲಸವಾದಂತೆ.

ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದ ಮಗುವನ್ನು, ಅದರಲ್ಲೂ ಜ್ವರ, ಊತ ಇದ್ದರೆ ಅಥವಾ ತಿನ್ನುವುದನ್ನೇ ಬಿಟ್ಟಿದ್ದರೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ, ತಾಯಿಗೆ ಕೂಲಿ ನಷ್ಟದ ಪರಿಹಾರವೂ ಸಿಗುತ್ತದೆ. ಆದರೂ ತಾಯಂದಿರು ನಾಲ್ಕನೆಯ ದಿನಕ್ಕೇ ಊರಿಗೆ ಮರಳುತ್ತಾರೆ. ಮನೆಯಲ್ಲಿ ಉಳಿದ ಎರಡು ಮಕ್ಕಳನ್ನೂ ಎಮ್ಮೆಯನ್ನೂ ನೋಡಿಕೊಳ್ಳುವವರಿಲ್ಲದಿರುವುದೇ ಕಾರಣ, ಪರಿಹಾರದ ಹಣ ಸಾಲದಿರುವುದಲ್ಲ.

ಕೃಷ್ಣಾತೀರ (ಗ್ರಾಮ ಪಂಚಾಯಿತಿ ಸದಸ್ಯೆ, ರಾಯಚೂರು ಜಿಲ್ಲೆ)

ಎಲ್ಲರ ಬರಹಗಳನ್ನೂ ಅಧ್ಯಕ್ಷರಿಗೆ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಓದಿ ಹೇಳಿದೆ. ಗ್ರಾಮಸಭೆಯಲ್ಲಿ ಮಂಡಿಸಲು ಈ ಕರಡು ಮಾಡಿಕೊಂಡಿದ್ದೇವೆ. ಡಬ್ಬಿ ಹಂಚುವ ಪ್ರಸ್ತಾವ ಕೈಬಿಡುತ್ತೇವೆ. ಮುಚ್ಚಿದ ಕೂಸಿನ ಮನೆಯನ್ನು ಹತ್ತಿ ಬಿಡಿಸುವ ಕಾಲಕ್ಕೆ ಮುಂಚೆ ತೆರೆದು, ಸರ್ಕಾರದ ಹಣ ತಡವಾದ ತಿಂಗಳುಗಳಲ್ಲಿ ಆರೈಕೆದಾರರ ಸಂಭಾವನೆಯನ್ನು ಪಂಚಾಯಿತಿಯೇ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಹಗಲಿನಲ್ಲಿ ಮೂರು ಸಲ ಊಟ: ಡಾಕ್ಟರು ಹೇಳಿದ ಜೋಳ, ಹೆಸರು, ಶೇಂಗಾ ಪುಡಿಯ ಗಟ್ಟಿ ಗಂಜಿ, ಅದರಲ್ಲಿ ಒಂದು ಸಲ ಮೊಟ್ಟೆ, ಬೇಡವೆನ್ನುವ ಮನೆಯ ಮಕ್ಕಳಿಗೆ ಮೊಸರನ್ನ ಮತ್ತು ಬೇಳೆ. ಸಿಂಗಪುರದವರು ಒಪ್ಪಿದರೆ ಅವರ ಹಣವನ್ನು ಅಂಗನವಾಡಿಗಳ ಮೊಟ್ಟೆಗೆ ಮುಂಗಡ ನಿಧಿಯಾಗಿ ಇಡಬಹುದೇ ಎಂದು ಪಿಡಿಒ ಅವರು ಕಾನೂನು ಬದ್ಧತೆಯನ್ನು ವಿಚಾರಿಸುತ್ತಿದ್ದಾರೆ. ಗುಳೆ ಹೋಗುವ ಕುಟುಂಬಗಳ ತಾಯಿ ಕಾರ್ಡನ್ನು ಹೊರಡುವ ಮುಂಚೆ ಪರಿಶೀಲಿಸಿ, ಬಾಕಿ ಲಸಿಕೆ ಹಾಕಿಸಿ, ಹೋಗುವ ಊರಿನ ಅಂಗನವಾಡಿಯ ವಿವರ ಹುಡುಕಿ ಬರೆದುಕೊಡುವ ಹೊಣೆ ಆಯಾ ವಾರ್ಡಿನ ಸದಸ್ಯರದು. ಶಾಲೆಗೆ ಹಣ್ಣು ಈ ವರ್ಷ ಇಲ್ಲ. ಅದಕ್ಕೆ ಬೈಗುಳ ಕೇಳಲು ಸಿದ್ಧಳಿದ್ದೇನೆ.

ಹೊರನಾಡು (ಸಿಂಗಪುರ)

ಡಬ್ಬಿಗಳ ಆಲೋಚನೆ ಬಿಟ್ಟಿದ್ದೇವೆ. ಮುಂಗಡ ನಿಧಿಗೆ ನಮ್ಮವರೆಲ್ಲ ಒಪ್ಪಿದ್ದಾರೆ. ವಿದೇಶದಿಂದ ಬರುವ ದೇಣಿಗೆಗೆ ಬೇರೆ ನಿಯಮಗಳಿರುವುದರಿಂದ ಪಿಡಿಒ ಅವರ ಉತ್ತರ ಬಂದ ಮೇಲೆಯೇ ಮುಂದುವರಿಯುತ್ತೇವೆ.

ಟೀಚರಮ್ಮ (ಅಂಗನವಾಡಿ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ)

ಅಕ್ಕಾ, ಕರಡಿನಲ್ಲಿ ಒಂದು ಸೇರಿಸಿಕೊಳ್ಳಿ. ಕೂಸಿನ ಮನೆ ಬೆಳಿಗ್ಗೆ ಹತ್ತಕ್ಕೆ ತೆರೆದರೆ ಯಾರಿಗೂ ಉಪಯೋಗವಿಲ್ಲ. ಕೂಲಿಗೆ ಹೋಗುವವರ ಟ್ರ್ಯಾಕ್ಟರ್ ಏಳೂವರೆಗೇ ಊರು ಬಿಡುತ್ತದೆ. ಬೀಗದ ಕೈ ಪಂಚಾಯಿತಿ ಕಚೇರಿಯಲ್ಲಿ ಇರಬಾರದು, ಆರೈಕೆ ಮಾಡುವವರ ಮನೆಯಲ್ಲೇ ಇರಲಿ. ಮಗುವಿಗೆ ಊಟ ಕೊಟ್ಟ ಲೆಕ್ಕವನ್ನು ಮೊಬೈಲಿನಲ್ಲಿ ಕೇಳಬೇಡಿ. ಗೋಡೆಯ ಮೇಲೆ ಹಲಗೆ ಹಾಕಿ ಸೀಮೆಸುಣ್ಣದಲ್ಲಿ ಬರೆಯಲಿ, ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಗೆ ಓದಲು ಬಾರದಿದ್ದರೂ ಎಷ್ಟು ಗೆರೆ ಎಳೆದಿದೆ ಎಂಬುದು ಕಾಣುತ್ತದೆ.